ಹೊಸ ಸೈನ್ಸ್ ಸೀರೀಸ್ ನೋಡಿದ ಮಗು ಏನು ಕೇಳ್ತು?

ಇವತ್ತು ಪಿಂಪಳಗಾಂವ್ ಬಸವಂತ್‌ನಿಂದ ಮಾತಾಡ್ತಿದ್ದೀನಿ. ನಾಸಿಕ್ ಜಿಲ್ಲೆಯಲ್ಲಿ, ಮುಂಬಯಿ–ಆಗ್ರಾ ಹೆದ್ದಾರಿ ಮೇಲಿರೋ ಊರು ಇದು. ಈರುಳ್ಳಿ, ಟೊಮೆಟೊ ಮಾರುಕಟ್ಟೆಗೆ ಹೆಸರುವಾಸಿ. ನಾಸಿಕ್‌ನಲ್ಲೋ ಪುಣೆಯಲ್ಲೋ ಐಟಿ ಕೆಲಸ ಮಾಡ್ಕೊಂಡು ಮಕ್ಕಳನ್ನು ಬೆಳೆಸ್ತಿರೋ ನಮ್ಮಂಥ ಕನ್ನಡದವರ ಹತ್ತಿರ ಒಂದು ವಿಷಯ ಹೇಳಬೇಕಿತ್ತು.

ವಿಜ್ಞಾನದ ಹೊಸ ಸೀರೀಸ್ ಬಂದ ತಕ್ಷಣ ನಮ್ಮ ವಾಟ್ಸಾಪ್ ಗುಂಪಲ್ಲಿ ಏನಾಗುತ್ತೆ? ಹತ್ತಕ್ಕೆ ಎಂಟು, ಹತ್ತಕ್ಕೆ ಆರು ಅಂತ ಮಾರ್ಕ್ಸ್ ಬೀಳುತ್ತೆ. 2022ರ ಫೆಬ್ರವರಿಯಲ್ಲಿ 'ರಾಕೆಟ್ ಬಾಯ್ಸ್' ಬಂತು. ಹೋಮಿ ಭಾಭಾ, ವಿಕ್ರಮ್ ಸಾರಾಭಾಯಿ ಇಬ್ಬರೂ ಯುದ್ಧದ ವರ್ಷಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದವರು, ಹಾಗಾಗಿ ನಮಗೆಲ್ಲ ಖುಷಿ. ಆಮೇಲೆ ಜಗಳ. ರಜಾ ಅನ್ನೋ ಕಲ್ಪಿತ ಪಾತ್ರ ಮೇಘನಾದ ಸಾಹಾ ಅವರನ್ನ ಹೋಲುತ್ತೆ, ಅವರಿಗೆ ಅನ್ಯಾಯ ಆಗಿದೆ ಅಂತ. ಈ ಚರ್ಚೆ ಬೇಕಾದದ್ದೇ. ಆದರೆ ಸೋಫಾದ ತುದಿಯಲ್ಲಿ ಕೂತು ನೋಡಿದ ಮಗು ಏನು ಕೇಳ್ತು ಅನ್ನೋದನ್ನ ಯಾರೂ ಬರೆಯಲಿಲ್ಲ.

ಸ್ವಲ್ಪ ಹಿಂದಕ್ಕೆ ಹೋಗೋಣ. 1975ರ ಆಗಸ್ಟ್ 1. 'ಸೈಟ್' ಶುರುವಾದ ದಿನ. ಬೆಂಗಳೂರಿನ 30–40 ಸೈಟ್ ಅಲ್ಲಪ್ಪ! ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತಲುಪಿಸೋ ಪ್ರಯೋಗದ ಹೆಸರು ಅದು. ನಾಸಾ ತನ್ನ ಎಟಿಎಸ್–6 ಉಪಗ್ರಹವನ್ನ ಒಂದು ವರ್ಷಕ್ಕೆ ಕೊಟ್ಟಿತ್ತು. ಉಳಿದ ಕೆಲಸ ಇಸ್ರೋ ಮತ್ತು ನಮ್ಮ ದೂರದರ್ಶನದ್ದು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು. ಕರ್ನಾಟಕದಲ್ಲಿ ಆಗಿನ ಗುಲಬರ್ಗಾ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ತಂತಿ ಜಾಲರಿಯ ದೊಡ್ಡ ಡಿಶ್, ಊರಿಗೊಂದು ಟಿವಿ. ಬೆಳಿಗ್ಗೆ ಶಾಲೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಅದೂ ಕನ್ನಡದಲ್ಲಿ! ಸುಮಾರು 36,000 ಕಿಲೋಮೀಟರ್ ಮೇಲಿಂದ ವಿಜ್ಞಾನ ಇಳಿದು ಬಂದಾಗ ಆ ಮಕ್ಕಳ ಮಾತಲ್ಲೇ ಬಂತು.

ಪ್ರತಿಕ್ರಿಯೆ ತಿಳಿಯೋಕೆ ಆಗ ಲೈಕ್ ಬಟನ್ ಇರಲಿಲ್ಲ. ಮಾನವಶಾಸ್ತ್ರಜ್ಞರು ಹಳ್ಳಿಗಳಲ್ಲೇ ಉಳಿದು, ಯಾರು ಬಂದರು, ಯಾರು ಎದ್ದು ಹೋದರು ಅಂತ ನೋಡಿದರು. ಮೊದಲ ದಿನಗಳ ಜಾತ್ರೆ ಕ್ರಮೇಣ ಕರಗಿತು. ಅದನ್ನೂ ಮುಚ್ಚಿಡದೆ ಬರೆದುಕೊಂಡರು. ಒಂದು ವರ್ಷ ಮುಗಿದ ಮೇಲೆ ಉಪಗ್ರಹ ವಾಪಸ್ ಹೋಯ್ತು. 1977ರಲ್ಲಿ ಕಲಬುರಗಿಗೆ ಸ್ವಂತ ಟಿವಿ ಟ್ರಾನ್ಸ್‌ಮಿಟರ್ ಬಂತು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಟೆಕ್ನಾಲಜಿ ಅಂದ್ರೆ ಬೆಂಗಳೂರು ಅನ್ನೋ ನಮಗೆ ಇದು ಗೊತ್ತಿರಲಿ.

ಸೈಟ್ ಕಾಲದಲ್ಲಿ ಇಸ್ರೋದ ಅಹಮದಾಬಾದ್ ಕೇಂದ್ರವನ್ನ ನಡೆಸ್ತಿದ್ದವರು ಪ್ರೊಫೆಸರ್ ಯಶ್‌ಪಾಲ್. 1991ರಲ್ಲಿ ಅವರು ಮತ್ತೆ ಟಿವಿಯಲ್ಲಿ ಕಾಣಿಸಿಕೊಂಡರು, ದೂರದರ್ಶನದ 'ಟರ್ನಿಂಗ್ ಪಾಯಿಂಟ್'ನಲ್ಲಿ. ನಡೆಸಿಕೊಡ್ತಿದ್ದವರು ನಮ್ಮ ಗಿರೀಶ್ ಕಾರ್ನಾಡರು. ಮಹಾರಾಷ್ಟ್ರದ ಮಾಥೇರಾನ್‌ನಲ್ಲಿ ಹುಟ್ಟಿ, ಧಾರವಾಡದಲ್ಲಿ ಗಣಿತ ಓದಿದವರು. ಯಶ್‌ಪಾಲ್ ಅದರಲ್ಲಿ ನೋಡುಗರ ಪ್ರಶ್ನೆಗಳಿಗೆ ಉತ್ತರ ಕೊಡ್ತಿದ್ದರು. ಕಾಸ್ಮಿಕ್ ಕಿರಣಗಳ ವಿಜ್ಞಾನಿ, ಯುಜಿಸಿ ಅಧ್ಯಕ್ಷರಾಗಿದ್ದವರು. ಆದರೂ ಯಾರದೋ ಮನೆಯ ಮಗುವಿನ ಪ್ರಶ್ನೆಯನ್ನ ಗಂಭೀರವಾಗಿ ತಗೊಂಡು ಕೂರ್ತಿದ್ದರು. ಜನಕ್ಕೆ ಇವತ್ತಿಗೂ ನೆನಪಿರೋದು ಆ ಭಾಗವೇ.

ಈಗ ನಮ್ಮ ಮನೆಗೆ ಬನ್ನಿ. ನಾಲ್ಕು ಸ್ಕ್ರೀನ್ ಇವೆ. ವಿಜ್ಞಾನ ಬರೋದು ಇಂಗ್ಲಿಷ್‌ನಲ್ಲಿ. ಶಾಲೆಯಲ್ಲಿ ಮರಾಠಿ, ಹಿಂದಿ. ಕನ್ನಡ ಉಳಿದಿರೋದು 'ಊಟ ಮಾಡು, ಬೇಗ ಮಲ್ಕೋ' ಅನ್ನೋದಕ್ಕೆ. ಮಗು 'ಯಾಕೆ' ಅಂದರೆ 'ಗೂಗಲ್ ಮಾಡು' ಅಂತೀವಿ. ಎರಡು ಸಲ ಹಾಗಂದರೆ ಮೂರನೇ ಸಲ ಮಗು ನಮ್ಮ ಹತ್ತಿರ ಬರೋದಿಲ್ಲ. ಆಗ ಹೋಗೋದು ಬರೀ ಭಾಷೆ ಅಂದ್ಕೋಬೇಡಿ, ಕೇಳೋ ಸಲಿಗೆಯೂ ಹೋಗುತ್ತೆ.

ಒಂದು ಉದಾಹರಣೆ ಹೇಳ್ತೀನಿ, ಈ ಊರಿನದ್ದೇ. ಇಲ್ಲಿ ಕಾಂದಾ, ಕಲಬುರಗಿಯಲ್ಲಿ ಉಳ್ಳಾಗಡ್ಡಿ, ಬೆಂಗಳೂರಲ್ಲಿ ಈರುಳ್ಳಿ. ಹೆಚ್ಚಿದರೆ ಕಣ್ಣಲ್ಲಿ ನೀರು ಯಾಕೆ? ಈರುಳ್ಳಿಯ ಜೀವಕೋಶದೊಳಗೆ ಬೇರೆ ಬೇರೆ ಜಾಗದಲ್ಲಿರೋ ಎರಡು ಪದಾರ್ಥಗಳು ಚಾಕು ತಾಗಿದಾಗ ಒಂದಕ್ಕೊಂದು ಸೇರ್ತವೆ. ಅದರಿಂದ ಗಂಧಕ ಇರೋ ಒಂದು ಅನಿಲ ಹುಟ್ಟಿ, ಮೇಲೆದ್ದು ಕಣ್ಣನ್ನ ಉರಿಸುತ್ತೆ. ಅದನ್ನ ತೊಳೆಯೋಕೆ ಕಣ್ಣು ನೀರು ಸುರಿಸುತ್ತೆ. ಈರುಳ್ಳಿಯನ್ನ ಸ್ವಲ್ಪ ಹೊತ್ತು ಫ್ರಿಜ್ಜಲ್ಲಿಟ್ಟು ಹೆಚ್ಚಿದರೆ ಉರಿ ಕಮ್ಮಿ, ಯಾಕಂದ್ರೆ ತಣ್ಣಗಿದ್ದಾಗ ಆ ಕ್ರಿಯೆ ನಿಧಾನ. ನೋಡಿ, ಇಷ್ಟನ್ನೂ ಕನ್ನಡದಲ್ಲಿ ಹೇಳಬಹುದು. ಪರೀಕ್ಷೆ ಮಾಡೋಕೆ ಅಡುಗೆಮನೆ ಸಾಕು.

ಹಾಗಾಗಿ ಒಂದು ಕೋರಿಕೆ. ಮುಂದಿನ ಸೈನ್ಸ್ ಸೀರೀಸ್ ಬಂದಾಗ ಮೊದಲ ಎಪಿಸೋಡನ್ನ ಮಕ್ಕಳ ಜೊತೆ ನೋಡಿ. ಮುಗಿದ ಮೇಲೆ 'ಹೇಗಿತ್ತು?' ಅನ್ನೋ ಬದಲು 'ಏನು ಅರ್ಥ ಆಗಲಿಲ್ಲ?' ಅಂತ ಕನ್ನಡದಲ್ಲಿ ಕೇಳಿ. ಬಂದ ಪ್ರಶ್ನೆಯನ್ನ ಮಗುವಿನ ಮಾತಲ್ಲೇ ಒಂದು ಚೀಟಿಯಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ಉತ್ತರ ಗೊತ್ತಿಲ್ಲದಿದ್ದರೆ ಭಾನುವಾರ ಇಬ್ಬರೂ ಕೂತು ಹುಡುಕಿ. ಮಾರ್ಕ್ಸ್ ಆಮೇಲೆ ಹಾಕಿದರಾಯ್ತು.