ಪಕ್ಕದಲ್ಲಿ ಕೂರುವ ಪ್ರೀತಿ
(ಸಂತ ಜಾನ್ ಬೋಸ್ಕೊ ಹಬ್ಬ, ಜನವರಿ 31)



ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ನಮ್ಮ ಮನೆಗಳಲ್ಲಿ ಮಗುವೊಂದು, "ಯವ್ವಾ, ತೀರಿಹೋದ ಅಜ್ಜ ರಾತ್ರಿ ಬಂದಿದ್ದ" ಎಂದರೆ ನಾವು ಗದರಿಸುತ್ತೇವೆ, ಇಲ್ಲವೇ ತಾಯಿತ ಕಟ್ಟಿಸುತ್ತೇವೆ. ಅದರ ಪಕ್ಕದಲ್ಲಿ ಕೂರುವುದಿಲ್ಲ.

ಇಂದಿನ ಸಂತರೂ ಇಟಲಿಯ ಹಳ್ಳಿಯಲ್ಲಿ ಇಂಥ ಒಂಟಿ ಬಾಲಕ. ಎರಡು ವರ್ಷ ತುಂಬುವ ಮೊದಲೇ ತಂದೆ ಇಲ್ಲ. ಒಂಬತ್ತರಲ್ಲಿ ಕಂಡ ಕನಸನ್ನು ಹೇಳಿದಾಗ, "ದರೋಡೆಕೋರರ ನಾಯಕನಾಗುವೆ" ಎಂದು ಮಲಅಣ್ಣ ಹಂಗಿಸಿದ. ಮುಂದೆ ಮನೆ ಬಿಟ್ಟು ಪರರ ಹೊಲದಲ್ಲಿ ದುಡಿಯಬೇಕಾಯಿತು. ವೃದ್ಧ ಗುರು ಕಲೋಸ್ಸೊ ತಂದೆಯಂತೆ ಪ್ರೀತಿಸಿ ಓದಿಸಿದರು. 1830ರಲ್ಲಿ ಅವರೂ ಅಗಲಿದರು.

ಪ್ರೀತಿಸಿದವರು ಬಿಟ್ಟುಹೋಗುತ್ತಾರೆ ಎಂಬ ಭಯ ಹೃದಯದ ಬಾಗಿಲು ಮುಚ್ಚಿಸುತ್ತದೆ. ಬೋಸ್ಕೊ ಮುಚ್ಚಲಿಲ್ಲ. ಲೂಯಿಜಿ ಕೊಮೊಲ್ಲೊನ ಗೆಳೆತನವನ್ನು ಸ್ವೀಕರಿಸಿದರು. ಮೊದಲು ಸತ್ತವನು ಪರಲೋಕದ ಸುದ್ದಿ ತರಬೇಕೆಂದು ಇಬ್ಬರೂ ಮಾತು ಕೊಟ್ಟಿದ್ದರು. 1839ರಲ್ಲಿ ಕೊಮೊಲ್ಲೊ ತೀರಿದ ಮೇಲೆ ರಾತ್ರಿ ಅವನ ದನಿ ಕೇಳಿತೆಂದು ಬೋಸ್ಕೊ ಬರೆದಿದ್ದಾರೆ. ಭಯದಿಂದ ಕಾಯಿಲೆ ಬಿದ್ದ ಅವರು, ಅಂಥ ಒಪ್ಪಂದ ಯಾರಿಗೂ ಬೇಡವೆಂದು ಎಚ್ಚರಿಸಿದ್ದಾರೆ. ಅವರು ಉಳಿಸಿಕೊಂಡದ್ದು ಆ ದನಿಯನ್ನಲ್ಲ, ಗೆಳೆತನವನ್ನು. ಅದನ್ನೇ 1841ರಿಂದ ಟುರಿನ್ ನಗರದ ಅನಾಥ ಹುಡುಗರಿಗೆ ಹಂಚಿದರು.

ಪ್ರಿಯರೇ, ಇಂದು ಮನೆಗೆ ಹೋಗಿ ಆ ಮಗುವಿನ ಪಕ್ಕದಲ್ಲಿ ಕೂರೋಣ. ಅದರ ಮಾತನ್ನು ಕೊನೆಯವರೆಗೂ ಕೇಳೋಣ. ಆಮೆನ್.