ಒಂದು ಡಾಲರಿನ ಮದ್ದು

(ವಾಚನಾಲಯದಲ್ಲಿ ಸೇರಿದ್ದ ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)

ಇಂದು ಸಂಶೋಧನೆಯ ವಿಷಯ ಮಾತನಾಡುತ್ತೇನೆಂದಾಗ ಹಿರಿಯರೊಬ್ಬರು, “ಮೇಷ್ಟ್ರೆ, ಕೂಲಿಯ ಮಾತು ಬಿಟ್ಟು ಇದೇನು ಕಾಲೇಜಿನ ಪಾಠ?” ಎಂದು ಕೇಳಿದರು. ಕೇಳಿದ್ದು ನ್ಯಾಯವೇ. ನಾನೂ ಮೆಟ್ರಿಕ್ ದಾಟಿದವನಲ್ಲ. ಆದರೆ ನಾನು ಹೇಳಹೊರಟಿರುವುದು ಕೂಲಿಯ ಮಾತೇ.

ಎರಡು ತಿಂಗಳ ಹಿಂದೆ ನೂಲಿನ ಖಾತೆಯ ನಮ್ಮ ಸಂಗಾತಿಯೊಬ್ಬರು ಪಾಳಿಯ ನಡುವೆ ಕುಸಿದು ಬಿದ್ದರು. ಅವರಿಗೆ ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಸಲ ಚುಚ್ಚಿಕೊಳ್ಳಬೇಕಾದ ಇನ್ಸುಲಿನ್ನನ್ನು ತಿಂಗಳ ಕೊನೆಯ ಹತ್ತು ದಿನ ಒಂದೇ ಸಲಕ್ಕೆ ಇಳಿಸಿದ್ದರು. ಹೆಂಡತಿಗೂ ಹೇಳಿರಲಿಲ್ಲ. “ಸಂಬಳ ಆಗೋತನಕ ಶೀಶೆ ಎಳೀಬೇಕಲ್ಲ, ಮೇಷ್ಟ್ರೆ” ಎಂದರು. ಆ ಶೀಶೆ ಎಲ್ಲಿಂದ ಬಂತು, ಅದನ್ನು ಯಾರು ಕಂಡುಹಿಡಿದರು, ಅದು ಯಾಕೆ ದುಬಾರಿಯಾಯಿತು ಎಂದು ತಿಳಿಯಲು ನಾನು ಪುಸ್ತಕ ಹಿಡಿದು ಕುಳಿತೆ. ಓದಿದ್ದನ್ನು ನಿಮ್ಮ ಮುಂದಿಡುತ್ತೇನೆ.

ಒಂದು ಕಾಲಕ್ಕೆ ಈ ಕಾಯಿಲೆ ಹತ್ತಿದ ಮಗುವಿಗೆ ಬದುಕುವ ಆಸೆಯಿರಲಿಲ್ಲ. ವೈದ್ಯರ ಕೈಯಲ್ಲಿದ್ದುದು ಅರೆಹೊಟ್ಟೆಯ ಪಥ್ಯವೊಂದೇ. ಸಾವು ಕೊಂಚ ತಡವಾಗುತ್ತಿತ್ತು, ಅಷ್ಟೆ. ೧೯೨೧ರ ಬೇಸಿಗೆಯಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಬ್ಯಾಂಟಿಂಗ್ ಎಂಬ ವೈದ್ಯನೂ ಬೆಸ್ಟ್ ಎಂಬ ಯುವಕನೂ ನಾಯಿಗಳ ಮೇಲೆ ಪ್ರಯೋಗ ನಡೆಸಿ, ಮೇದೋಜೀರಕ ಗ್ರಂಥಿಯ ರಸದಿಂದ ರಕ್ತದ ಸಕ್ಕರೆ ಇಳಿಯುವುದನ್ನು ಕಂಡರು. ಪ್ರಯೋಗಶಾಲೆ ಕೊಟ್ಟವರು ಪ್ರೊಫೆಸರ್ ಮ್ಯಾಕ್ಲಿಯಡ್. ರಸವನ್ನು ಶುದ್ಧಿ ಮಾಡಿದವರು ಕಾಲಿಪ್. ೧೯೨೨ರ ಜನವರಿ ೧೧ರಂದು ೧೪ ವರ್ಷದ ಹುಡುಗನೊಬ್ಬನಿಗೆ ಮೊದಲ ಸೂಜಿ ಚುಚ್ಚಿದರು. ಮದ್ದು ಶುದ್ಧವಿರಲಿಲ್ಲ, ಗುಣ ಕಾಣಲಿಲ್ಲ. ೧೨ ದಿನಗಳ ಮೇಲೆ ಕಾಲಿಪ್ ಶುದ್ಧ ಮಾಡಿದ್ದನ್ನು ಕೊಟ್ಟರು. ಹುಡುಗ ಚೇತರಿಸಿಕೊಂಡ.

ಇನ್ನು ಮುಂದಿನದನ್ನು ನಮ್ಮ ವ್ಯಾಪಾರಿ ಮಿತ್ರರು ಗಮನವಿಟ್ಟು ಕೇಳಬೇಕು. ಇಂಥ ಸರಕು ಕೈಗೆ ಸಿಕ್ಕವನು ಕುಬೇರನಾಗಬಹುದಿತ್ತು. ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಮೂವರೂ ೧೯೨೩ರಲ್ಲಿ ತಮ್ಮ ಪೇಟೆಂಟಿನ ಹಕ್ಕನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟರು. ಪೇಟೆಂಟು ಪಡೆದದ್ದು ಹಣ ಮಾಡುವುದಕ್ಕಲ್ಲ. ಬೇರೆ ಯಾರೂ ಅದಕ್ಕೆ ಬೇಲಿ ಹಾಕಿ ಕೂರಬಾರದೆಂದು.

ಕಂಪನಿಗಳು ಏನೂ ಮಾಡಲಿಲ್ಲವೆಂದು ನಾನು ಹೇಳುವುದಿಲ್ಲ, ಅದು ಸುಳ್ಳಾದೀತು. ಪ್ರಯೋಗಶಾಲೆಯ ಬಟ್ಟಲಿನಲ್ಲಿದ್ದುದನ್ನು ಲಕ್ಷ ಶೀಶೆ ಮಾಡಲು ಕಾರ್ಖಾನೆ ಬೇಕು, ತಂತ್ರಜ್ಞಾನ ಬೇಕು, ಕಾರ್ಮಿಕರ ಕೈ ಬೇಕು. ಮೊದಲು ಹಂದಿ ದನಗಳ ಗ್ರಂಥಿಗಳಿಂದ ಮದ್ದು ತೆಗೆಯುತ್ತಿದ್ದರು. ೧೯೭೮ರಲ್ಲಿ ಅಮೆರಿಕದ ವಿಜ್ಞಾನಿಗಳು ಬ್ಯಾಕ್ಟೀರಿಯದಿಂದಲೇ ಮನುಷ್ಯರ ಇನ್ಸುಲಿನ್ ಮಾಡಿಸುವ ವಿದ್ಯೆ ಸಾಧಿಸಿದರು. ೧೯೮೨ರಲ್ಲಿ ಅದು ಮಾರುಕಟ್ಟೆಗೆ ಬಂತು. ೨೦೦೪ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿಯೂ ತನ್ನ ಇನ್ಸುಲಿನ್ ಹೊರತಂದಿತು. ಆದರೆ ಈ ವಿದ್ಯೆಯ ಬೇರು ಎಲ್ಲಿದೆ? ಇನ್ಸುಲಿನ್ನಿನ ಅಣುವಿನ ರಚನೆಯನ್ನು ೧೯೬೯ರಲ್ಲಿ ಬಿಡಿಸಿದವರು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಡೊರೊಥಿ ಹಾಜ್‌ಕಿನ್ ಮತ್ತು ಸಂಗಡಿಗರು. ಆ ತಂಡದಲ್ಲಿದ್ದ ಎಂ. ವಿಜಯನ್ ಮುಂದೆ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ದುಡಿದರು. ಇದೆಲ್ಲ ಅನೇಕ ದೇಶಗಳ ಅನೇಕ ಜನ ಕಟ್ಟಿದ ಮನೆ. ಕೊನೆಗೆ ಬಾಗಿಲಿಗೆ ಬೀಗ ಹಾಕಿದವನೇ ಮನೆ ನನ್ನದೆಂದರೆ ಒಪ್ಪೋಣವೇ?

ಬೀಗ ಹಾಕುವುದಕ್ಕೂ ಒಂದು ಸಂಶೋಧನೆ ನಡೆಯುತ್ತದೆ. ಅದು ಮಾರಾಟದ ಸಂಶೋಧನೆ. ಅಮೆರಿಕದಲ್ಲಿ ಯಾವ ವೈದ್ಯ ಯಾವ ಮದ್ದನ್ನು ಎಷ್ಟು ಬರೆಯುತ್ತಾನೆಂಬ ಲೆಕ್ಕವನ್ನೇ ಕೂಡಿಹಾಕಿ ಔಷಧ ಕಂಪನಿಗಳಿಗೆ ಮಾರುವ ಸಂಸ್ಥೆಗಳು ಹುಟ್ಟಿದವು. ವರ್ಮಾಂಟ್ ಎಂಬ ಪುಟ್ಟ ರಾಜ್ಯ ೨೦೦೭ರಲ್ಲಿ ಇದಕ್ಕೆ ಕಡಿವಾಣ ಹಾಕುವ ಕಾನೂನು ಮಾಡಿತು. ೨೦೧೧ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆ ಕಾನೂನನ್ನೇ ರದ್ದು ಮಾಡಿತು. ಬ್ಯಾಂಟಿಂಗ್ ರೋಗಿಯ ರಕ್ತವನ್ನು ಪರೀಕ್ಷಿಸಿದ. ಇವರು ವೈದ್ಯನ ಲೇಖನಿಯನ್ನು ಪರೀಕ್ಷಿಸಿದರು.

ಫಲವೇನು? ಅದೇ ದೇಶದಲ್ಲಿ ೧೯೯೬ರಲ್ಲಿ ಬಂದ ಒಂದು ಹೊಸ ಬಗೆಯ ಇನ್ಸುಲಿನ್ ಶೀಶೆಗೆ ಸುಮಾರು ೨೧ ಡಾಲರ್ ಬೆಲೆಯಿತ್ತು. ೨೦೧೯ರ ಹೊತ್ತಿಗೆ ಅದು ಸುಮಾರು ೨೭೫ ಡಾಲರಿಗೆ ಏರಿತ್ತು. ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ತಮ್ಮ ಮಧುಮೇಹ ಕೇಂದ್ರದ ರೋಗಿಗಳನ್ನು ವಿಚಾರಿಸಿ ೨೦೧೮ರಲ್ಲಿ ಪ್ರಕಟಿಸಿದ ವರದಿಯಲ್ಲಿ, ನಾಲ್ವರಲ್ಲಿ ಒಬ್ಬರು ಹಣವಿಲ್ಲದೆ ಇನ್ಸುಲಿನ್ನನ್ನು ಕಡಿಮೆ ಮಾಡಿಕೊಂಡಿದ್ದರು. ನೋಡಿ, ನಮ್ಮ ಸಂಗಾತಿ ಮಾಡಿದ್ದನ್ನೇ ಪ್ರಪಂಚದ ಅತಿ ಶ್ರೀಮಂತ ದೇಶದವರೂ ಮಾಡಿದ್ದರು!

ಅದೇ ವರ್ಷ ಬೇರೆ ಕೆಲವು ಸಂಶೋಧಕರು ಇನ್ನೊಂದು ಲೆಕ್ಕ ಹಾಕಿದರು. ತಯಾರಿಕೆಯ ಖರ್ಚು, ಮೇಲಿಷ್ಟು ಲಾಭ ಸೇರಿಸಿದರೂ, ಒಬ್ಬ ರೋಗಿಗೆ ಮಾಮೂಲಿ ಇನ್ಸುಲಿನ್ನನ್ನು ವರ್ಷಕ್ಕೆ ೭೨ ಡಾಲರಿನೊಳಗೆ ಕೊಡಬಹುದೆಂದು ತೋರಿಸಿದರು. ಇಂಥ ಲೆಕ್ಕಗಳು ಹೊರಬಿದ್ದವು, ರೋಗಿಗಳೂ ತಾಯಂದಿರೂ ಬೀದಿಗಿಳಿದರು. ೨೦೨೨ರಲ್ಲಿ ಅಲ್ಲಿ ಕಾನೂನಾಗಿ, ೨೦೨೩ರಿಂದ ಸರ್ಕಾರಿ ವಿಮೆಯ ವೃದ್ಧರಿಗೆ ತಿಂಗಳಿಗೆ ೩೫ ಡಾಲರಿನ ಮಿತಿ ಬಂತು. ಆ ಮಾರ್ಚಿನಲ್ಲಿ ಒಂದು ದೊಡ್ಡ ಕಂಪನಿ ತಾನಾಗಿಯೇ ನೂರಕ್ಕೆ ೭೦ರಷ್ಟು ಬೆಲೆ ಇಳಿಸುವುದಾಗಿ ಸಾರಿತು. ಇಳಿಸಲು ಸಾಧ್ಯವಿತ್ತೆಂದ ಮೇಲೆ ಏರಿಸಿದ್ದೇಕೆ?

ನಮ್ಮ ದೇಶದ ಕಥೆಯನ್ನೂ ಕೇಳಿ. ವೈದ್ಯರಿಗೆ ಉಡುಗೊರೆ ಕೊಟ್ಟ ಒಂದು ಔಷಧ ಕಂಪನಿ ಆ ಹಣವನ್ನು ವ್ಯಾಪಾರದ ಖರ್ಚೆಂದು ತೋರಿಸಿ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೇಳಿತು. ಚಿನ್ನದ ನಾಣ್ಯ, ಟೆಲಿವಿಷನ್, ಫ್ರಿಜ್ಜು ಎಲ್ಲ ಆ ಉಡುಗೊರೆಗಳಲ್ಲಿದ್ದವು. ೨೦೨೨ರ ಫೆಬ್ರವರಿಯಲ್ಲಿ ನಮ್ಮ ಸುಪ್ರೀಂ ಕೋರ್ಟು ಆ ವಿನಾಯಿತಿ ಸಲ್ಲದೆಂದಿತು. ಕಿರಾಣಿ ಅಂಗಡಿಯವನು ತಕ್ಕಡಿಯ ಖರ್ಚು ಬರೆಯಲು ನೂರು ಸಲ ಯೋಚಿಸುತ್ತಾನೆ. ಇವರು ಚಿನ್ನವನ್ನು ಖರ್ಚಿನ ಕಲಮಿಗೆ ಹಾಕಿದರು. ಆ ಚಿನ್ನ ಕೊನೆಗೆ ಯಾರ ಶೀಶೆಯಿಂದ ವಸೂಲಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ಬಂಧುಗಳೆ, ಸಂಶೋಧನೆ ನಮ್ಮ ಶತ್ರುವಲ್ಲ. ಅದಿಲ್ಲದಿದ್ದರೆ ನಮ್ಮ ಸಂಗಾತಿ ಇಂದು ಬದುಕಿರುತ್ತಿರಲಿಲ್ಲ. ಆದರೆ ಯಾವ ಸಂಶೋಧನೆ ಬಂದರೂ ಮೂರು ಪ್ರಶ್ನೆ ಕೇಳಿ: ಖರ್ಚು ಕೊಟ್ಟವರಾರು? ಪ್ರಶ್ನೆ ಹಾಕಿದವರಾರು? ಫಲ ಉಣ್ಣುವವರಾರು?

ಈಗ ಮಾಡಬೇಕಾದ ಕೆಲಸ. ವೈದ್ಯರು ದುಬಾರಿ ಹೊಸ ಇನ್ಸುಲಿನ್ ಬರೆದರೆ, “ಮಾಮೂಲಿನದು ನನಗೆ ನಡೆಯುತ್ತದೆಯೇ, ಸ್ವಾಮಿ?” ಎಂದು ಕೇಳಿ. ಬಹುಪಾಲು ವಯಸ್ಕರಿಗೆ ಮಾಮೂಲಿ ಮಾನವ ಇನ್ಸುಲಿನ್ನೇ ಮೊದಲ ಆಯ್ಕೆಯಾಗಲೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೮ರಲ್ಲಿ ಸಲಹೆ ಕೊಟ್ಟಿದೆ. ಆದರೆ ವೈದ್ಯರನ್ನು ಕೇಳದೆ ನೀವಾಗಿ ಬದಲಾಯಿಸಬೇಡಿ, ಪ್ರಮಾಣ ಇಳಿಸಬೇಡಿ. ಔಷಧಿ ಅಂಗಡಿಯಲ್ಲಿ ದರಪಟ್ಟಿ ಗಿರಾಕಿಗೆ ಕಾಣುವಂತಿರಬೇಕೆಂಬುದು ೨೦೧೩ರ ಬೆಲೆ ನಿಯಂತ್ರಣ ಆದೇಶದ ನಿಯಮ. ಅದನ್ನು ಕೇಳಿ ನೋಡಿ. ಅಂಗಡಿ ಇಟ್ಟಿರುವ ನಮ್ಮ ಮಿತ್ರರು ಕೋಪಿಸಬೇಕಾಗಿಲ್ಲ. ಬೆಲೆ ಕಟ್ಟುವವರು ಅವರಲ್ಲ.

ಇನ್ನೊಂದು ಮಾತು. ಈ ಮೇಜಿನ ಮೇಲೆ ಒಂದು ನೋಟುಬುಕ್ಕು ಇಟ್ಟಿದ್ದೇನೆ. ನಿಮ್ಮ ಮನೆಯಲ್ಲಿ ಯಾವ ಮದ್ದು, ಯಾವ ಬೆಲೆ, ತಿಂಗಳಲ್ಲಿ ಎಷ್ಟು ದಿನ ಹಣವಿಲ್ಲದೆ ತಪ್ಪಿತು ಎಂದು ಬರೆಸಿ. ಹೆಸರು ಬೇಡ, ಖಾತೆ ಸಾಕು. ಮೂರು ತಿಂಗಳಾದ ಮೇಲೆ ಆ ಪುಸ್ತಕ ಹಿಡಿದು ಜಿಲ್ಲಾ ಆಸ್ಪತ್ರೆಗೂ ಗಿರಣಿಯ ಆಡಳಿತಕ್ಕೂ ಹೋಗೋಣ. ಇದೂ ಸಂಶೋಧನೆಯೇ. ಇದರ ಖರ್ಚು ನಮ್ಮದು, ಪ್ರಶ್ನೆ ನಮ್ಮದು, ಫಲವೂ ನಮ್ಮದಾಗಲಿ.

ಮೊದಲ ಪುಟವನ್ನು ನೂಲಿನ ಖಾತೆಯ ಆ ಸಂಗಾತಿಯೇ ಬರೆಸಿದ್ದಾರೆ. ಎರಡನೆಯ ಪುಟ ಖಾಲಿ ಇದೆ. ಬನ್ನಿ.