ನಾಕೌಟ್‌ಗೆ ಎಷ್ಟು ಟೀಮ್ ಬೇಕು? ಆಲೂರಿನ 725 ರನ್ನು, ಅಮೆರಿಕದ ಬೌಲ್ ಜಗಳ

ಸಮೇತನಹಳ್ಳಿಯಿಂದ ಮಾತಾಡ್ತಿದ್ದೀನಿ. ಮಧ್ಯದಲ್ಲಿ ಟಿಪ್ಪರ್ ಹಾರ್ನ್ ಕೇಳಿಸಿದ್ರೆ ಸಹಿಸ್ಕೊಳ್ಳಿ, ನಮ್ಮ ರಸ್ತೆಯೇ ಹಾಗೆ.

ಹೊಸಕೋಟೆಯಿಂದ ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ದಾರೆ. ಅವರ ಪ್ರಶ್ನೆ ಇಷ್ಟು: "ಬ್ರೋ, ರಣಜಿ ನಾಕೌಟ್‌ಗೆ ಎಂಟೇ ಟೀಮ್ ಯಾಕೆ? ಹದಿನಾರು ಮಾಡಿದ್ರೆ ಕರ್ನಾಟಕ ಲೀಗಲ್ಲೇ ಮನೆಗೆ ಬರೋದು ತಪ್ಪುತ್ತಲ್ವಾ?" 2024-25ರ ನೋವು ಅದು. ನಮ್ಮ ಗುಂಪಿಂದ ಹರಿಯಾಣ, ಕೇರಳ ಮುಂದೆ ಹೋದವು, ನಾವು ಉಳಿದ್ವಿ. ಕೇರಳದ ಜತೆಗಿನ ನಮ್ಮ ಮ್ಯಾಚ್ ಆಲೂರಿನಲ್ಲಿ ಮಳೆಗೆ ಕೊಚ್ಚಿಕೊಂಡು ಹೋಗಿತ್ತು. ಹೊಟ್ಟೆ ಉರಿಯೋದು ಸಹಜ.

ಇದೇ ಜಗಳ ಅಮೆರಿಕದಲ್ಲಿ ಇನ್ನೂ ದೊಡ್ಡದಾಗಿ ನಡೀತಿದೆ. ಅಲ್ಲಿ ಕಾಲೇಜು ಹುಡುಗರು ಆಡೋ ಫುಟ್‌ಬಾಲ್ ನೋಡೋಕೆ ಲಕ್ಷ ಜನ ಸ್ಟೇಡಿಯಂಗೆ ಬರ್ತಾರೆ. ನಮ್ಮ ಕಾಲಲ್ಲಿ ಒದೆಯೋ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕ್ಕೊಂಡು ಗುದ್ದಾಡೋ ಆಟ. ಸೀಸನ್ ಮುಗಿದ ಮೇಲೆ ಚೆನ್ನಾಗಿ ಆಡಿದ ಕಾಲೇಜುಗಳನ್ನ ಕರೆದು ಒಂದೊಂದು ಊರಲ್ಲಿ ಒಂದೊಂದು ವಿಶೇಷ ಪಂದ್ಯ ಆಡಿಸ್ತಾರೆ. ಅದೇ ಬೌಲ್ ಗೇಮ್. ಬೌಲಿಂಗ್‌ಗೂ ಅದಕ್ಕೂ ಸಂಬಂಧ ಇಲ್ಲ, ಬಟ್ಟಲಿನ ಆಕಾರದ ಸ್ಟೇಡಿಯಂನಿಂದ ಬಂದ ಹೆಸರು. ರೋಸ್ ಬೌಲ್ ಮೊದಲು ನಡೆದದ್ದು 1902ರಲ್ಲಿ. ಇವತ್ತು ತಿಂಡಿ ಕಂಪನಿ ಹೆಸರಲ್ಲೂ ಬೌಲ್ ಇದೆ. ಪಾಪ್ ಟಾರ್ಟ್ಸ್ ಬೌಲ್ ಗೆದ್ದವರು ತಿಂಡಿಯಿಂದ ಮಾಡಿದ ದೊಡ್ಡ ಗೊಂಬೆಯನ್ನ ಮೈದಾನದಲ್ಲೇ ಮುರಿದು ತಿಂತಾರೆ, ವಿಡಿಯೋ ಹುಡುಕಿ ನೋಡಿ.

ಆದ್ರೆ ನಿಜವಾದ ಚಾಂಪಿಯನ್ ಯಾರು ಅನ್ನೋ ಪ್ರಶ್ನೆಗೆ ಬೌಲ್‌ನಲ್ಲಿ ಉತ್ತರ ಇರಲಿಲ್ಲ. ಅದಕ್ಕೇ 2014ರ ಸೀಸನ್‌ನಿಂದ ನಾಲ್ಕು ಟೀಮಿನ ಪ್ಲೇಆಫ್ ಮಾಡಿದ್ರು. 2023ರಲ್ಲಿ ಫ್ಲೋರಿಡಾ ಸ್ಟೇಟ್ 13ಕ್ಕೆ 13 ಗೆದ್ದಿತ್ತು, ಆದ್ರೂ ಆಯ್ಕೆ ಸಮಿತಿ ಆ ನಾಲ್ಕರಲ್ಲಿ ಸೇರಿಸಲಿಲ್ಲ. ಸಮಾಧಾನಕ್ಕೆ ಆರೆಂಜ್ ಬೌಲ್ ಕೊಟ್ರು. ಅಲ್ಲಿ ಅವರ ಎಷ್ಟೋ ಆಟಗಾರರು ಇಳಿಯಲೇ ಇಲ್ಲ. ಜಾರ್ಜಿಯಾ 63-3ರಿಂದ ಹೊಡೆದು ಹಾಕ್ತು. ಒಂದು ಕಾಲದಲ್ಲಿ ಅದೇ ಬೌಲ್ ಆಡೋದೇ ಜನ್ಮ ಸಾರ್ಥಕ ಅಂತಿದ್ರು.

ಮುಂದಿನ ವರ್ಷ ನಾಲ್ಕು ಹೋಗಿ ಹನ್ನೆರಡಾಯ್ತು. ಆ ಸಲ ಒಹಾಯೊ ಸ್ಟೇಟ್ ಟೀಮು ತನ್ನ ಬದ್ಧವೈರಿ ಮಿಷಿಗನ್ ಮುಂದೆ ಸ್ವಂತ ಮೈದಾನದಲ್ಲೇ 13-10ರಿಂದ ಸೋತಿತ್ತು. ಮೊದಲಾಗಿದ್ರೆ ಬಹುಶಃ ಅಲ್ಲಿಗೇ ಕಥೆ ಮುಗೀತಿತ್ತು. ಈಗ ಅದೇ ಟೀಮು 2025ರ ಜನವರಿಯಲ್ಲಿ ನೋಟರ್ ಡೇಮ್‌ನ ಸೋಲಿಸಿ ಚಾಂಪಿಯನ್ ಆಯ್ತು. ಒಂದು ಕಡೆ ಅನ್ಯಾಯ ತಪ್ಪಿತು. ಇನ್ನೊಂದು ಕಡೆ ಮಿಷಿಗನ್ ಗೆದ್ದಿದ್ದಕ್ಕೆ ಏನು ಬೆಲೆ ಉಳೀತು? ಇಷ್ಟಾದ್ರೂ 16 ಮಾಡೋಣ, 24 ಮಾಡೋಣ ಅನ್ನೋ ಮಾತು ನಿಂತಿಲ್ಲ.

ಈಗ ನಮ್ಮ ಕಡೆ ಬನ್ನಿ. ರಣಜಿ ಶುರುವಾದಾಗ ಬರೀ ನಾಕೌಟ್. 1934ರ ನವೆಂಬರ್ 4ಕ್ಕೆ ಚೆಪಾಕ್‌ನಲ್ಲಿ ಮದ್ರಾಸ್ ಮತ್ತು ಮೈಸೂರು ನಡುವೆ ಮೊಟ್ಟಮೊದಲ ಮ್ಯಾಚು. ಮೈಸೂರು ಒಂದೇ ದಿನದಲ್ಲಿ ಇನ್ನಿಂಗ್ಸ್ ಸೋಲು ಕಂಡಿತು. ಸೀಸನ್ನೇ ಖಲ್ಲಾಸ್. 1957-58ರಿಂದ ವಲಯವಾರು ಲೀಗ್ ಬಂತು. 2001-02ರವರೆಗೆ ಪ್ರತಿ ವರ್ಷ ತಮಿಳುನಾಡು, ಹೈದರಾಬಾದ್, ಆಂಧ್ರ, ಕೇರಳದ ಜತೆ ನಮಗೆ ಮ್ಯಾಚು ಇದ್ದೇ ಇರ್ತಿತ್ತು. ನಾಕೌಟ್ ಜಾಗವನ್ನೂ ಹಿಗ್ಗಿಸಿದ್ರು: 1970-71ರಿಂದ ಪ್ರತಿ ವಲಯಕ್ಕೆ ಎರಡು, 1992-93ರಿಂದ ಮೂರು. ಆಮೇಲೆ ವಲಯ ತೆಗೆದು ಎಲೀಟ್, ಪ್ಲೇಟ್ ಅಂತ ಮಾಡಿದ್ರು. 2018-19ರಲ್ಲಿ ಒಂದೇ ಏಟಿಗೆ ಒಂಬತ್ತು ಹೊಸ ಟೀಮು ಸೇರಿ 37 ಆಯ್ತು, ಈಗ 38. ಎಲೀಟ್‌ನಲ್ಲಿ 32, ನಾಲ್ಕು ಗುಂಪು, ಗುಂಪಿಗೆ ಎರಡು ಟೀಮು ಕ್ವಾರ್ಟರ್ ಫೈನಲ್‌ಗೆ.

ಹಿಗ್ಗಿಸಿದ್ರೆ ಏನಾಗುತ್ತೆ ಅಂತ ನೋಡೋಕೆ 2022 ಒಂದೇ ಸಾಕು. ಆ ವರ್ಷ ಪ್ಲೇಟ್ ಟೀಮಿಗೂ ಅವಕಾಶ ಇರಲಿ ಅಂತ ಒಂದು ಪ್ರಿ-ಕ್ವಾರ್ಟರ್ ಇಟ್ಟಿದ್ರು, ಜಾರ್ಖಂಡ್ ಮತ್ತು ನಾಗಾಲ್ಯಾಂಡ್‌ಗೆ. ಜಾರ್ಖಂಡ್ 880 ಹೊಡೀತು. ಮೊದಲ ಇನ್ನಿಂಗ್ಸ್ ಲೀಡ್ ಇದ್ರೆ ಸಾಕಲ್ವಾ, ಮತ್ತೆ ಬ್ಯಾಟಿಂಗಿಗೆ ಇಳಿದು ಒಟ್ಟು ಮುನ್ನಡೆಯನ್ನ 1008ಕ್ಕೆ ಒಯ್ದಿತು. ಮ್ಯಾಚ್ ಡ್ರಾ! ನಾಗಾಲ್ಯಾಂಡ್ ಹುಡುಗರು ದಿನಗಟ್ಟಲೆ ಬಾಲ್ ಹೆಕ್ಕಿದ್ದೇ ಬಂತು.

ಐಪಿಎಲ್ ಮುಗಿದ ಮೇಲೆ ಜೂನ್‌ನಲ್ಲಿ ಉಳಿದ ನಾಕೌಟ್ ಎಲ್ಲ ಬೆಂಗಳೂರಲ್ಲಿ. ಆಲೂರಿನಲ್ಲಿ ಮುಂಬೈ ಟೀಮು ಉತ್ತರಾಖಂಡವನ್ನ 725 ರನ್ನಿಂದ ಸೋಲಿಸಿತು. ರನ್ ಲೆಕ್ಕದಲ್ಲಿ ಪ್ರಥಮ ದರ್ಜೆ ಕ್ರಿಕೆಟ್‌ನ ಅತಿ ದೊಡ್ಡ ಗೆಲುವು ಅದು. ಕೊನೆ ಇನ್ನಿಂಗ್ಸಲ್ಲಿ ಉತ್ತರಾಖಂಡ 69ಕ್ಕೆ ಆಲೌಟ್. ಗಮನಿಸಿ, ಇದು ಎಂಟೇ ಟೀಮಿನ ಕ್ವಾರ್ಟರ್ ಫೈನಲ್.

ಆದ್ರೆ ಅದೇ ತಿಂಗಳು ಅದೇ ಮುಂಬೈಯನ್ನ ಚಿನ್ನಸ್ವಾಮಿಯಲ್ಲಿ ಮಧ್ಯಪ್ರದೇಶ ಸೋಲಿಸಿ ಮೊದಲ ಸಲ ರಣಜಿ ಎತ್ತಿತು. ಕೋಚ್ ಚಂದ್ರಕಾಂತ್ ಪಂಡಿತ್ 1999ರಲ್ಲಿ ಇದೇ ಮೈದಾನದ ಫೈನಲ್‌ನಲ್ಲಿ ಮಧ್ಯಪ್ರದೇಶದ ನಾಯಕರಾಗಿ ನಮ್ಮ ಮುಂದೆ ಸೋತವರು. ಇನ್ನೂ ಹಿಂದೆ ಹೋದರೆ, 2010-11ರಲ್ಲಿ ರಾಜಸ್ಥಾನ ಪ್ಲೇಟ್‌ನಿಂದ ಬಂದು ಕಪ್ಪನ್ನೇ ಹೊಡ್ಕೊಂಡು ಹೋಯ್ತು. ಹಾಗಾಗಿ ಸಣ್ಣ ಟೀಮಿಗೆ ದಾರಿ ಬೇಡ ಅನ್ನೋರ ಪರ ನಾನಿಲ್ಲ. ಕೆಳಗೆ ಗೆದ್ದು ಮೇಲೆ ಬರಲಿ. ಗೆಲ್ಲದೆಯೂ ಒಳಗೆ ಬಿಡೋ ಸೀಟು ಹೆಚ್ಚಿಸೋದಕ್ಕೆ ಮಾತ್ರ ನನ್ನ ತಕರಾರು.

ಈಗ ಸ್ವಲ್ಪ ದುಡ್ಡಿನ ಲೆಕ್ಕ. ಬಿ.ಕಾಂ ಓದಿದ್ದು ಇದಕ್ಕಾದ್ರೂ ಬರಲಿ. ಬಿಸಿಸಿಐ 2021ರಲ್ಲಿ ಮಾಡಿದ ದರದಂತೆ 20ಕ್ಕಿಂತ ಹೆಚ್ಚು ಮ್ಯಾಚ್ ಆಡಿರದ ಹುಡುಗನಿಗೆ ದಿನಕ್ಕೆ 40 ಸಾವಿರ. ಲೀಗ್‌ನಲ್ಲಿ ಏಳು ಮ್ಯಾಚು, ನಾಲ್ಕು ದಿನದ್ದು, ಎಲ್ಲಾ ಆಡಿದ್ರೆ 11 ಲಕ್ಷ 20 ಸಾವಿರ. ಐದು ದಿನದ ಒಂದು ನಾಕೌಟ್ ಆಡಿದ್ರೆ ಮೇಲೆ ಎರಡು ಲಕ್ಷ. ಐಪಿಎಲ್ ಕರೆ ಬರದವನಿಗೆ ಇದು ಸಣ್ಣ ಮೊತ್ತ ಅಲ್ಲ. ಟೀಮ್ ಜಾಸ್ತಿ ಮಾಡಿ ಅನ್ನೋರ ವಾದದಲ್ಲಿ ನನಗೆ ಒಪ್ಪಿಗೆಯಾಗೋ ಭಾಗ ಇದೊಂದೇ. ಅಮೆರಿಕದಲ್ಲಿ ಕಾಲೇಜು ಆಟಗಾರರು 2021ರವರೆಗೆ ತಮ್ಮ ಹೆಸರು, ಫೋಟೋದಿಂದಲೂ ದುಡ್ಡು ಮಾಡೋ ಹಾಗಿರಲಿಲ್ಲ. ಬಿಟ್ಟಿ ಬೌಲ್ ಆಡಿ ಮಂಡಿ ಮುರ್ಕೊಂಡ್ರೆ ಎನ್‌ಎಫ್‌ಎಲ್ ಕೆಲಸ ಹೋಗುತ್ತೆ ಅಂತ ಹೆದರಿದ್ರೆ ತಪ್ಪೇನು?

ಆದ್ರೆ ದಿನಗಳು ಎಲ್ಲಿಂದ ಬರ್ತವೆ? ನಮ್ಮೂರ ಕಡೆ ಟೆನ್ನಿಸ್ ಬಾಲ್ ಟೂರ್ನಮೆಂಟ್ ಮಾಡೋರನ್ನ ಕೇಳಿ. ಹದಿನಾರು ಟೀಮ್ ಅಂತ ಬ್ಯಾನರ್ ಹಾಕಿರ್ತಾರೆ. ಎಂಟ್ರಿ ಫೀಸ್ ಹಿಡ್ಕೊಂಡು ಇನ್ನೂ ಎಂಟು ಟೀಮು ಬಂದ್ರೆ ಬೇಡ ಅನ್ನೋರು ಕಮ್ಮಿ. ಭಾನುವಾರ ಒಂದೇ ಅಲ್ವಾ? ಎಂಟು ಓವರ್ ಮ್ಯಾಚು ಆರಾಗುತ್ತೆ, ಆಮೇಲೆ ನಾಲ್ಕು. ಕತ್ತಲಾದ ಮೇಲೆ ಫೈನಲ್‌ಗೆ ಬೈಕ್ ಹೆಡ್‌ಲೈಟು. ಬಿಸಿಸಿಐ ಓವರ್ ಕಡಿಮೆ ಮಾಡೋಕಾಗಲ್ಲ, ಬೇರೆ ಟೂರ್ನಿಗಳ ಕತ್ತು ಹಿಸುಕುತ್ತೆ. ದೇವಧರ್ ಟ್ರೋಫಿ 2024-25ರ ಪಟ್ಟಿಯಲ್ಲೇ ಇರಲಿಲ್ಲ. 1961-62ರಿಂದ ಇರೋ ದುಲೀಪ್ ಟ್ರೋಫಿಯನ್ನ 2024ರಲ್ಲಿ ಎ, ಬಿ, ಸಿ, ಡಿ ಅಂತ ಟೀಮ್ ಮಾಡಿ ಆಡಿಸಿದ್ರು. 'ಟೀಮ್ ಸಿ'ಗೆ ಯಾವೂರಿನವರು ಜೈಕಾರ ಹಾಕ್ಬೇಕು? 2025ರಲ್ಲಿ ವಲಯ ವಾಪಸ್ ಬಂತು, ಫೈನಲ್‌ನಲ್ಲಿ ನಮ್ಮ ದಕ್ಷಿಣ ವಲಯ ಮಧ್ಯ ವಲಯದ ಮುಂದೆ ಸೋತಿತು. ನಡೆದಿದ್ದು ಬೆಂಗಳೂರಿನ ಬಿಸಿಸಿಐ ಸೆಂಟರ್ ಆಫ್ ಎಕ್ಸಲೆನ್ಸ್‌ನಲ್ಲಿ. ಚಿನ್ನಸ್ವಾಮಿ ಥರ ಸ್ಟೇಡಿಯಂ ಅಲ್ಲ ಅದು, ತರಬೇತಿ ಕೇಂದ್ರ. ನಮ್ಮ ಬೌಲ್ ಗೇಮ್‌ಗಳು ಅಂದ್ರೆ ಇವೇ, ಸದ್ದಿಲ್ಲದೆ ಸಾಯ್ತಿವೆ.

ನನ್ನ ಕೇಳಿದ್ರೆ ನಾಕೌಟ್ ಎಂಟೇ ಇರಲಿ. ಅದರ ಬದಲು ಕರ್ನಾಟಕ-ತಮಿಳುನಾಡು ಪ್ರತಿ ವರ್ಷ ಒಂದೇ ಗುಂಪಲ್ಲಿರಲಿ. ಒಂದು ವರ್ಷ ಹುಬ್ಬಳ್ಳಿ, ಮೈಸೂರು, ಶಿವಮೊಗ್ಗ, ಇನ್ನೊಂದು ವರ್ಷ ಸೇಲಂ, ಕೊಯಮತ್ತೂರು. 2014-15ರ ಫೈನಲ್‌ನಲ್ಲಿ ಕರುಣ್ ನಾಯರ್ ತಮಿಳುನಾಡು ಮೇಲೆ 328 ಹೊಡೆದದ್ದನ್ನ ಇವತ್ತೂ ಜನ ಬಾಯಿ ಚಪ್ಪರಿಸಿ ಹೇಳ್ತಾರೆ. ಎದುರಿಗಿದ್ದವರು ಯಾರು ಅನ್ನೋದೂ ಅದಕ್ಕೊಂದು ಕಾರಣ.

ಇನ್ನು ಹೊಸಕೋಟೆ ಗೆಳೆಯರಿಗೆ ಉತ್ತರ. 2025ರ ಜನವರಿ ಕೊನೆಯಲ್ಲಿ ಚಿನ್ನಸ್ವಾಮಿಯಲ್ಲಿ ಹರಿಯಾಣದ ಮೇಲೆ ನಮ್ಮ ಕೊನೇ ಲೀಗ್ ಮ್ಯಾಚು. ನಾವು ಮೂರನೇ ಸ್ಥಾನದಲ್ಲಿದ್ವಿ, ಗೆಲ್ಲಲೇಬೇಕಿತ್ತು. ಕೆ.ಎಲ್. ರಾಹುಲ್ ಕೂಡ ಬಂದು ಆಡಿದ್ರು. ಗುಂಪಿಂದ ನಾಲ್ಕು ಟೀಮ್ ಹೋಗೋದಾಗಿದ್ರೆ ನಾವು ಆರಾಮಾಗಿ ಒಳಗಿರ್ತಿದ್ವಿ, ನಿಜ. ಆ ನಾಲ್ಕು ದಿನ ಸ್ಕೋರ್ ಎಷ್ಟಾಯ್ತು ಅಂತ ನೀವು ಆಫೀಸಲ್ಲಿ ಮೊಬೈಲ್ ತೆಗೆದು ನೋಡ್ತಿದ್ರಾ? ವಾಯ್ಸ್ ನೋಟ್ ಕಳಿಸಿ, ಒಂದು ನಿಮಿಷದ ಒಳಗಿರಲಿ.